ನಕ್ಷೆಗೆ ಬಣ್ಣ ಬೀಳುವ ಮೊದಲು: ಯೋಜನಾ ಪ್ರಾಧಿಕಾರಗಳಿಗೆ ಒಂದು ಬಹಿರಂಗ ಪತ್ರ

ಗೆ,
ಕರ್ನಾಟಕದ ಎಲ್ಲ ನಗರ ಯೋಜನಾ ಪ್ರಾಧಿಕಾರಗಳ ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರಿಗೆ

ವಿಷಯ: ಮಹಾಯೋಜನೆ ತಯಾರಿಸುವ ಹಂತದಲ್ಲಿಯೇ ಪರಿಸರ ಪರಿಣಾಮದ ಅಧ್ಯಯನ ನಡೆಸಿ, ಅದರ ವರದಿಯನ್ನು ಕರಡು ನಕ್ಷೆಯ ಜೊತೆಗೇ ಪ್ರಕಟಿಸಬೇಕೆಂಬ ಮನವಿ.

ಮಾನ್ಯರೇ,

ಮೂವತ್ತೊಂದು ವರ್ಷ ಸರ್ವೆಯರ್ ಆಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಸರಪಳಿ ಹಿಡಿದು ಹೊಲದ ಬದುಗಳ ಮೇಲೆ ನಡೆದು ಶುರುಮಾಡಿದ ಕೆಲಸವನ್ನು ಉಪಗ್ರಹದ ಸಹಾಯದಿಂದ ಅಳೆಯುವ ಯಂತ್ರದೊಂದಿಗೆ ಮುಗಿಸಿದೆ. ಈ ಪತ್ರಕ್ಕೆ ಕಾರಣ ನಾನು ವಾಸವಾಗಿರುವ ಪಟ್ಟಣದ ಕರಡು ಮಹಾಯೋಜನೆ, ಅಂದರೆ ಯಾವ ಜಾಗ ಯಾವ ಉಪಯೋಗಕ್ಕೆ ಎಂದು ನಕ್ಷೆಯ ಮೇಲೆ ಬಣ್ಣಗಳಲ್ಲಿ ಗೊತ್ತುಮಾಡುವ ಮಾಸ್ಟರ್ ಪ್ಲಾನ್. ಊರಿನ ಹೆಸರನ್ನೂ ಅಲ್ಲಿನ ಪ್ರಾಧಿಕಾರದ ಹೆಸರನ್ನೂ ಬೇಕೆಂದೇ ಬರೆದಿಲ್ಲ. ಬರೆದರೆ ಇದು ಒಂದು ಕಚೇರಿಯ ಮೇಲಿನ ದೂರಾಗಿ ಅಲ್ಲಿನ ಕಡತದೊಳಗೆ ಸೇರಿಹೋಗುತ್ತದೆ. ನಾನು ಕಂಡದ್ದು ಒಂದು ಕಚೇರಿಯ ತಪ್ಪಲ್ಲ, ನಾವು ಯೋಜನೆ ಮಾಡುವ ಕ್ರಮದಲ್ಲಿಯೇ ಇರುವ ತಪ್ಪು. ಆದುದರಿಂದ ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ.

ಕರಡು ನಕ್ಷೆಯನ್ನು ಕಚೇರಿಯ ಗೋಡೆಗೆ ಅಂಟಿಸಿದ ಮೂರನೆಯ ದಿನ ನಾನು ಅದನ್ನು ನೋಡಲು ಹೋದೆ. ನನ್ನ ಕಣ್ಣು ಹುಡುಕಿದ್ದು ಊರಿನ ಪೂರ್ವಕ್ಕೆ ಎರಡು ಕೆರೆಗಳನ್ನು ಜೋಡಿಸುವ ಒಂದು ಕಾಲುವೆಯನ್ನು. ಮೇಲಿನ ಕೆರೆಯ ಕೋಡಿಯಿಂದ ಹೊರಟು ಕೆಳಗಿನ ಕೆರೆಗೆ ಸೇರುವ ಆ ಕಾಲುವೆಯನ್ನು ಸೇವೆಯಲ್ಲಿದ್ದಾಗ ಎರಡು ಬಾರಿ ನಾನೇ ಅಳೆದಿದ್ದೆ. ಗ್ರಾಮ ನಕ್ಷೆಯಲ್ಲಿ ಅದು ಒಂದು ಸರಪಳಿ ಅಗಲದ ಬಿ ಖರಾಬು, ಅಂದರೆ ಸಾಗುವಳಿಗೆ ಕೊಡದೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ. ಗೋಡೆಯ ಮೇಲಿನ ನಕ್ಷೆಯಲ್ಲಿ ಅದು ಇರಲಿಲ್ಲ. ಅದು ಹರಿಯುವ ಜಾಗದಲ್ಲಿ, ಎರಡೂ ಕೆರೆಗಳ ನಡುವಿನ ಅಷ್ಟೂ ಅಚ್ಚುಕಟ್ಟಿನ ಮೇಲೆ, ವಸತಿಯ ಹಳದಿ ಬಣ್ಣ ಹರಡಿತ್ತು.

ಇದು ಯಾರೋ ದುರುದ್ದೇಶದಿಂದ ಅಳಿಸಿದ್ದು ಎಂದು ನಾನು ಹೇಳುವುದಿಲ್ಲ. ನಕ್ಷೆಯ ಕೆಲಸ ಬಲ್ಲವರಿಗೆ ಇದರ ಕಾರಣ ತಿಳಿಯುತ್ತದೆ. ನಮ್ಮ ಹಳೆಯ ಗ್ರಾಮ ನಕ್ಷೆಗಳು ಮೈಲಿಗೆ ಎಂಟು ಅಂಗುಲದ ಅಳತೆಯವು, ಅಂದರೆ 1:7,920. ಒಂದು ಸರಪಳಿ ಎಂದರೆ 33 ಅಡಿ, ಸುಮಾರು 10 ಮೀಟರ್. ಅಷ್ಟು ಅಗಲದ ಕಾಲುವೆ ಗ್ರಾಮ ನಕ್ಷೆಯಲ್ಲಿ ಒಂದೂಕಾಲು ಮಿಲಿಮೀಟರ್ ಜಾಗ ಹಿಡಿಯುತ್ತದೆ. ಎರಡು ಗೆರೆ ಎಳೆದು ತೋರಿಸಬಹುದು. ಅದನ್ನೇ 1:25,000 ಅಳತೆಯ ಪಟ್ಟಣದ ನಕ್ಷೆಗೆ ಇಳಿಸಿದರೆ 0.4 ಮಿಲಿಮೀಟರ್ ಆಗುತ್ತದೆ, ಪೆನ್ನಿನ ಒಂದು ಗೆರೆಯಷ್ಟು. ಯಾರಾದರೂ ಅದನ್ನು ಉಳಿಸಬೇಕೆಂದು ಮನಸ್ಸು ಮಾಡಿದರೆ ಮಾತ್ರ ಅದು ಉಳಿಯುತ್ತದೆ. ನೆಲದ ಮೇಲೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಒಂದು ಹಂತ ಯೋಜನೆಯ ಕೆಲಸದೊಳಗೆ ಇಲ್ಲದಿದ್ದಾಗ, ಹಾಗೆ ಮನಸ್ಸು ಮಾಡುವವರು ಯಾರೂ ಇರುವುದಿಲ್ಲ.

ಅಲ್ಲಿದ್ದ ಅಧಿಕಾರಿಯೊಬ್ಬರಿಗೆ ಇದನ್ನು ತೋರಿಸಿದೆ. ಅವರು ಸೌಜನ್ಯದಿಂದಲೇ ಕೇಳಿಸಿಕೊಂಡರು. ಕೊನೆಗೆ, ‘ಇದು ಬರೀ ಝೋನಿಂಗ್ ಸಾರ್. ಪರಿಸರದ ವಿಷಯವನ್ನೆಲ್ಲ ಪ್ರಾಜೆಕ್ಟ್ ಬಂದಾಗ ಅದಕ್ಕೆ ಸಂಬಂಧಪಟ್ಟವರು ನೋಡಿಕೊಳ್ಳುತ್ತಾರೆ’ ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ನಮ್ಮ ವ್ಯವಸ್ಥೆ ನಂಬಿರುವುದನ್ನೇ ಅವರು ಹೇಳಿದರು. ಆ ನಂಬಿಕೆ ಎಷ್ಟು ಪೊಳ್ಳು ಎಂಬುದನ್ನು ನಿಮ್ಮ ಗಮನಕ್ಕೆ ತರುವುದೇ ಈ ಪತ್ರದ ಉದ್ದೇಶ.

ಪ್ರಾಜೆಕ್ಟ್ ಬಂದಾಗ ನೋಡಿಕೊಳ್ಳುವವರು ಯಾವುದನ್ನು ನೋಡುತ್ತಾರೆ? ಕೇಂದ್ರ ಸರ್ಕಾರದ 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ, ಕಟ್ಟಡದ ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ಮಾತ್ರ ಪರಿಸರ ಅನುಮತಿಯ ಮಾತು ಬರುತ್ತದೆ. ಬಡಾವಣೆ, ಟೌನ್‌ಶಿಪ್‌ಗಳಾದರೆ 50 ಹೆಕ್ಟೇರ್ ವಿಸ್ತೀರ್ಣ ಅಥವಾ 1,50,000 ಚದರ ಮೀಟರ್ ನಿರ್ಮಿತ ವಿಸ್ತೀರ್ಣ ಇರಬೇಕು. 50 ಹೆಕ್ಟೇರ್ ಎಂದರೆ ಸುಮಾರು 123 ಎಕರೆ. ತಾಲ್ಲೂಕು ಕೇಂದ್ರಗಳಲ್ಲಿ 123 ಎಕರೆಯ ಒಂದೇ ಬಡಾವಣೆ ಎಲ್ಲಿ ಬರುತ್ತದೆ? ಅಲ್ಲಿ ಬರುವುದು ಎಂಟು ಎಕರೆಯದು, ಹದಿನೈದು ಎಕರೆಯದು, ಹೆಚ್ಚೆಂದರೆ ನಲವತ್ತು ಎಕರೆಯದು. ನಲವತ್ತು ಎಕರೆಯ ಹತ್ತು ಬಡಾವಣೆಗಳು ಒಂದೇ ಕೆರೆಯ ಜಲಾನಯನವನ್ನು ತುಂಬಿದರೆ ಒಟ್ಟು 400 ಎಕರೆಯ ಮುಖ ಬದಲಾಗುತ್ತದೆ, ಆದರೆ ಒಂದಕ್ಕೂ ಅಧ್ಯಯನದ ಅಗತ್ಯವಿರುವುದಿಲ್ಲ. ಮಿತಿಯನ್ನು ದಾಟಿದ ಕಟ್ಟಡ ಮತ್ತು ಟೌನ್‌ಶಿಪ್‌ಗಳಿಗೂ ಸಾರ್ವಜನಿಕ ಸಮಾಲೋಚನೆಯಿಂದ ಅದೇ ಅಧಿಸೂಚನೆ ವಿನಾಯಿತಿ ಕೊಟ್ಟಿದೆ. ಹೀಗಾಗಿ ಕೆಳಗಿನ ಕೆರೆಯ ರೈತನಿಗೆ ತನ್ನ ಮಾತು ಹೇಳಲು ಆ ಹಂತದಲ್ಲಿ ಬಾಗಿಲೇ ಇಲ್ಲ.

ಇನ್ನೊಂದು ಮಾತು. ಪ್ರಾಜೆಕ್ಟ್ ಹಂತದ ಪರಿಶೀಲನೆಯು ಈ ಜಾಗದಲ್ಲಿ ಮನೆ ಕಟ್ಟಬೇಕೇ ಎಂದು ಕೇಳುವುದಿಲ್ಲ, ಕೇಳಲೂ ಆಗುವುದಿಲ್ಲ. ಮಹಾಯೋಜನೆ ಹಳದಿ ಎಂದ ಮೇಲೆ ಆ ಪ್ರಶ್ನೆ ಮುಗಿದಂತೆಯೇ. ಉಳಿಯುವುದು ಎಷ್ಟು ಗಿಡ ನೆಡಬೇಕು, ಕೊಳಚೆ ನೀರಿನ ಶುದ್ಧೀಕರಣ ಘಟಕ ಎಷ್ಟು ದೊಡ್ಡದಿರಬೇಕು, ಮಳೆ ಕೊಯ್ಲಿನ ಗುಂಡಿ ಎಲ್ಲಿ ತೋಡಬೇಕು ಎಂಬಷ್ಟೇ. ಅಧ್ಯಯನದ ವರದಿ ಬರೆಯುವ ಸಲಹಾ ಸಂಸ್ಥೆಗೆ ಸಂಬಳ ಕೊಡುವವರು ಬಡಾವಣೆ ಕಟ್ಟುವವರೇ ಎಂಬುದನ್ನೂ ನೆನಪಿಡಬೇಕು. ನಿಜವಾದ ತೀರ್ಮಾನ ಆಗುವುದು ಬಣ್ಣ ಬೀಳುವ ದಿನ. ಆ ದಿನ ಪರಿಸರದ ಅಧ್ಯಯನ ಮೇಜಿನ ಮೇಲೆ ಇರುವುದಿಲ್ಲ.

ಈ ತೀರ್ಮಾನವನ್ನು ಆಮೇಲೆ ನ್ಯಾಯಾಲಯದಲ್ಲಿ ಸರಿಪಡಿಸಿಕೊಳ್ಳಬಹುದೇ? ಬೆಂಗಳೂರಿನ ಕೆರೆಗಳ ಮೀಸಲು ಅಂಚಿನ, ಅಂದರೆ ಕೆರೆಯ ಸುತ್ತ ಏನೂ ಕಟ್ಟದೆ ಬಿಡಬೇಕಾದ ಪಟ್ಟಿಯ, ಕಥೆಯನ್ನು ನೀವೆಲ್ಲ ಬಲ್ಲಿರಿ. ‘ಪರಿಷ್ಕೃತ ಮಹಾಯೋಜನೆ–2015’ ಕೆರೆಗೆ 30 ಮೀಟರ್, ರಾಜಕಾಲುವೆಗಳಿಗೆ ಅವುಗಳ ದರ್ಜೆಗೆ ತಕ್ಕಂತೆ 50, 25 ಮತ್ತು 15 ಮೀಟರ್ ಎಂದು ಗೊತ್ತುಮಾಡಿತ್ತು. ಬೆಳ್ಳಂದೂರು, ಅಗರ ಕೆರೆಗಳ ಬಳಿಯ ನಿರ್ಮಾಣದ ವ್ಯಾಜ್ಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಅದನ್ನು ಕೆರೆಗೆ 75 ಮೀಟರ್, ಕಾಲುವೆಗಳಿಗೆ 50, 35 ಮತ್ತು 25 ಮೀಟರ್ ಎಂದು ಹೆಚ್ಚಿಸಿತು. 2019ರ ಮಾರ್ಚ್ 5ರಂದು ಸರ್ವೋಚ್ಚ ನ್ಯಾಯಾಲಯ ಆ ಆದೇಶದ ಈ ಭಾಗವನ್ನು ರದ್ದುಪಡಿಸಿತು. ಶಾಸನದ ಬಲವಿರುವ ಮಹಾಯೋಜನೆಯನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಎಂಬುದು ಅದರ ಸಾರ. ತೀರ್ಪು ಸರಿಯೋ ತಪ್ಪೋ ಎಂದು ಚರ್ಚಿಸುವ ಯೋಗ್ಯತೆ ನನಗಿಲ್ಲ. ಆದರೆ ಅದರಿಂದ ಹೊರಡುವ ಅರ್ಥ ನಿಚ್ಚಳವಾಗಿದೆ: ಯೋಜನೆಯಲ್ಲಿ ತಪ್ಪಿದ್ದನ್ನು ತಿದ್ದುವ ಜಾಗ ಯೋಜನೆಯೇ, ತಿದ್ದಬೇಕಾದವರು ನೀವೇ. ಅಂದಹಾಗೆ, ಅಂಚಿನ ವಿಷಯದಲ್ಲಿ ಆ ವ್ಯಾಜ್ಯ ಸುತ್ತಿದ್ದು ಮೀಟರುಗಳ ಸುತ್ತಲೇ. ಇಂಥ ಕೆರೆಗೆ, ಅದರ ಏರಿಯ ಎತ್ತರಕ್ಕೆ, ಕೋಡಿಯ ಮಟ್ಟಕ್ಕೆ, ಅದಕ್ಕೆ ನೀರು ಬರುವ ಪ್ರದೇಶದ ಇಳಿಜಾರಿಗೆ ಎಷ್ಟು ಅಂಚು ಬೇಕು ಎಂದು ಒಂದೊಂದಾಗಿ ಅಳೆದು ಯೋಜನೆಯಲ್ಲಿ ಮೊದಲೇ ಬರೆದಿದ್ದರೆ ಎಲ್ಲ ಕೆರೆಗೂ ಒಂದೇ ಅಂಕಿ ಹಿಡಿದು ಜಗ್ಗಾಡುವ ಸಂದರ್ಭವೇ ಬರುತ್ತಿರಲಿಲ್ಲ.

ತಡವಾಗಿ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ತಿಪ್ಪಗೊಂಡನಹಳ್ಳಿಗಿಂತ ಬೇರೆ ಉದಾಹರಣೆ ಬೇಡ. ಅರ್ಕಾವತಿ ಮತ್ತು ಕುಮುದ್ವತಿ ಸೇರುವಲ್ಲಿ 1933ರಲ್ಲಿ ಆದ ಜಲಾಶಯವದು. ಬೆಂಗಳೂರಿನ ಹಲವು ತಲೆಮಾರುಗಳು ಅದರ ನೀರು ಕುಡಿದಿವೆ. ಅದರ ಜಲಾನಯನ ಪ್ರದೇಶದಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂದು ವಲಯಗಳನ್ನಾಗಿ ವಿಂಗಡಿಸಿ ಸರ್ಕಾರ ಆದೇಶ ಹೊರಡಿಸಿದ್ದು 2003ರಲ್ಲಿ, ಅಂದರೆ ಎಪ್ಪತ್ತು ವರ್ಷಗಳ ನಂತರ. ಅಷ್ಟು ಹೊತ್ತಿಗೆ ಕೈಗಾರಿಕೆಗಳು, ಬಡಾವಣೆಗಳು, ಕೊಳವೆಬಾವಿಗಳು, ನೀಲಗಿರಿ ತೋಪುಗಳು ಎಲ್ಲವೂ ನೆಲೆಯೂರಿದ್ದವು. 2012ರಲ್ಲಿ ಅಲ್ಲಿಂದ ನಗರಕ್ಕೆ ನೀರು ಪೂರೈಕೆಯೇ ನಿಂತಿತು. ಎರಡು ನದಿಗಳ ನೀರನ್ನು ಹೀಗೆ ಕೈಬಿಟ್ಟ ನಗರ ಇಂದು ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಪಂಪುಗಳಿಂದ ಮೇಲೆತ್ತಿ ತರುತ್ತಿದೆ.

ಯೋಜನೆಯ ಹಂತದ ಅಧ್ಯಯನವೆಂದರೆ ಸಾವಿರ ಪುಟದ ವರದಿ ಎಂದು ಯಾರೂ ಹೆದರಬೇಕಿಲ್ಲ. ಅದರ ತಿರುಳು ಕೆಲವು ಸರಳ ಲೆಕ್ಕಗಳು. ನಿಮ್ಮ ಕರಡಿನಲ್ಲಿ ಹೊಸ ವಸತಿ ವಲಯಗಳು 50,000 ಜನರಿಗೆ ಎಂದಿದ್ದರೆ, ತಲೆಗೆ ದಿನಕ್ಕೆ 135 ಲೀಟರಿನ ಪ್ರಮಾಣದಂತೆ ದಿನಕ್ಕೆ 67.5 ಲಕ್ಷ ಲೀಟರ್ ನೀರು ಬೇಕು. ಅದರ ಶೇ 80ರಷ್ಟು, ಅಂದರೆ 54 ಲಕ್ಷ ಲೀಟರ್, ಕೊಳಚೆಯಾಗಿ ಹೊರಬರುತ್ತದೆ. ನೀರು ಯಾವ ಮೂಲದಿಂದ ಬರುತ್ತದೆ, ಕೊಳಚೆ ಯಾವ ಹಳ್ಳ ಸೇರುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯದೆ 50,000 ಎಂಬ ಅಂಕಿ ಬರೆಯಬಾರದು. ಮಳೆಯ ಲೆಕ್ಕವೂ ಹಾಗೆಯೇ. 100 ಎಕರೆಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಅದು ಎರಡು ಕೋಟಿ ಲೀಟರ್ ನೀರು. ಉತ್ತ ಹೊಲ ಅದರಲ್ಲಿ ಬಹುಪಾಲನ್ನು ಹೀರಿಕೊಳ್ಳುತ್ತದೆ, ಕಾಂಕ್ರೀಟು ಬಹುಪಾಲನ್ನು ಹೊರದೂಡುತ್ತದೆ. ಹಾಗೆ ಹೊರಬಿದ್ದ ನೀರಿಗೆ ಕಾಲುವೆ ಇಲ್ಲದಿದ್ದರೆ ಅದು ರಸ್ತೆ ಹಿಡಿಯುತ್ತದೆ, ಆಮೇಲೆ ಮನೆ ಹೊಗುತ್ತದೆ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಗಿ ಬಂದದ್ದು ಇದೇ ಲೆಕ್ಕ ತಪ್ಪಿದ್ದರಿಂದ. ಬೆಟ್ಟದ ಸೀಮೆಯಲ್ಲಿ ಲೆಕ್ಕ ಬೇರೆ: ಅಲ್ಲಿ ಇಳಿಜಾರು, ಮಣ್ಣಿನ ಆಳ, ಗುಡ್ಡ ಕತ್ತರಿಸಿ ಮಟ್ಟ ಮಾಡುವ ಎತ್ತರಗಳನ್ನು ನೋಡಬೇಕು. 2018ರ ಆಗಸ್ಟ್‌ನಲ್ಲಿ ಕೊಡಗು ಕಂಡದ್ದನ್ನು ಮರೆತು ಯಾವ ಮಲೆನಾಡಿನ ಪಟ್ಟಣವೂ ಇನ್ನು ಹಳದಿ ಬಳಿಯುವಂತಿಲ್ಲ.

ಇದಕ್ಕೆ ಬೇಕಾದ ಮಾಹಿತಿಯಲ್ಲಿ ಹೆಚ್ಚಿನದು ಸರ್ಕಾರದ ಬಳಿಯೇ ಇದೆ. ತಾಲ್ಲೂಕುವಾರು ಅಂತರ್ಜಲದ ಸ್ಥಿತಿಯನ್ನು ಕೇಂದ್ರ ಅಂತರ್ಜಲ ಮಂಡಳಿ ಪ್ರಕಟಿಸುತ್ತದೆ. ಭೂಕುಸಿತದ ಸಾಧ್ಯತೆಯ ನಕ್ಷೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಮಾಡಿದೆ. ಮಳೆಯ ದಾಖಲೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿದೆ, ಉಪಗ್ರಹ ಚಿತ್ರಗಳು ದೂರಸಂವೇದಿ ಕೇಂದ್ರದಲ್ಲಿವೆ. ಇನ್ನು ಕಾಲುವೆ, ಖರಾಬು, ಗೋಮಾಳ, ಕುಂಟೆಗಳು ನಮ್ಮ ಇಲಾಖೆಯ ಗ್ರಾಮ ನಕ್ಷೆ ಮತ್ತು ಟಿಪ್ಪಣಿಗಳಲ್ಲಿವೆ. ಇವೆಲ್ಲವನ್ನೂ ಒಂದರ ಮೇಲೊಂದು ಇಟ್ಟು ನೋಡುವುದಕ್ಕೆ ಇಂದಿನ ಕಂಪ್ಯೂಟರುಗಳಲ್ಲಿ ವಾರಗಳು ಸಾಕು. ಕಷ್ಟದ ಕೆಲಸವೆಂದರೆ ನೆಲದ ಮೇಲೆ ಹೋಗಿ ತಾಳೆ ನೋಡುವುದು. ಅದಕ್ಕೆ ನೀರುಗಂಟಿಗಳನ್ನೂ ಹಳೆಯ ರೈತರನ್ನೂ ಜೊತೆಗೆ ಕರೆದುಕೊಂಡು ಹೋಗಬೇಕು, ಏಕೆಂದರೆ ದಾಖಲೆಯಲ್ಲಿಲ್ಲದ ಹಳ್ಳದ ದಾರಿ ಅವರ ತಲೆಯಲ್ಲಿದೆ.

ಕಾನೂನು ಇದನ್ನು ಕೇಳುವುದಿಲ್ಲವಲ್ಲ ಎಂದು ನೀವು ಹೇಳಬಹುದು. ನಮ್ಮ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ 12ನೇ ಪ್ರಕರಣ ಮಹಾಯೋಜನೆಯಲ್ಲಿ ಏನೇನಿರಬೇಕೆಂದು ಹೇಳುವಾಗ ಪರಿಸರ ಪರಿಣಾಮದ ವರದಿಯನ್ನು ಹೆಸರಿಸುವುದಿಲ್ಲ, ನಿಜ. ಆದರೆ ಅದನ್ನು ತಡೆಯುವುದೂ ಇಲ್ಲ. ಸಂವಿಧಾನವಂತೂ ಈ ಎರಡನ್ನೂ ಒಟ್ಟಿಗೇ ಇಟ್ಟಿದೆ. 74ನೇ ತಿದ್ದುಪಡಿಯಿಂದ ಬಂದ ಹನ್ನೆರಡನೆಯ ಅನುಸೂಚಿಯಲ್ಲಿ ನಗರ ಯೋಜನೆ, ಭೂ ಉಪಯೋಗದ ನಿಯಂತ್ರಣಗಳ ಜೊತೆಯಲ್ಲಿಯೇ ಪರಿಸರದ ರಕ್ಷಣೆಯೂ ಇದೆ. 243 ಝಡ್‌ಡಿ ವಿಧಿಯು ಜಿಲ್ಲಾ ಯೋಜನಾ ಸಮಿತಿ ಗಮನಿಸಬೇಕಾದ ವಿಷಯಗಳನ್ನು ಹೇಳುವಾಗ ಸ್ಥಳ ಯೋಜನೆ, ನೀರು ಮತ್ತಿತರ ನೈಸರ್ಗಿಕ ಸಂಪನ್ಮೂಲಗಳ ಹಂಚಿಕೆ, ಪರಿಸರ ಸಂರಕ್ಷಣೆ ಮೂರನ್ನೂ ಒಂದೇ ಉಸಿರಿನಲ್ಲಿ ಹೆಸರಿಸುತ್ತದೆ. ಹೊರಗಿನ ಅನುಭವವೂ ಇದೆ. ಐರೋಪ್ಯ ಒಕ್ಕೂಟ 2001ರಲ್ಲಿಯೇ ಒಂದು ನಿರ್ದೇಶನ ಹೊರಡಿಸಿ, ಪರಿಸರದ ಮೇಲೆ ಗಣನೀಯ ಪರಿಣಾಮ ಬೀರಬಹುದಾದ ಪಟ್ಟಣ ಮತ್ತು ಭೂ ಉಪಯೋಗದ ಯೋಜನೆಗಳನ್ನು ಅಂಗೀಕರಿಸುವ ಮೊದಲೇ ಪರಿಸರ ಮೌಲ್ಯಮಾಪನ ಆಗಬೇಕೆಂದು ಕಡ್ಡಾಯ ಮಾಡಿತು. ಪರ್ಯಾಯಗಳನ್ನು ಹೋಲಿಸಿ ನೋಡಬೇಕು, ಜನರ ಅಭಿಪ್ರಾಯವನ್ನು ಹೇಗೆ ಪರಿಗಣಿಸಲಾಯಿತು ಎಂದು ಕೊನೆಗೆ ಬರೆದು ಪ್ರಕಟಿಸಬೇಕು ಎಂಬುದೂ ಅದರಲ್ಲಿದೆ. ಅಲ್ಲಿನದನ್ನು ಹಾಗೆಯೇ ತಂದು ಇಲ್ಲಿ ನೆಡಬೇಕೆಂದು ನಾನು ಕೇಳುತ್ತಿಲ್ಲ. ಕ್ರಮವನ್ನಷ್ಟೇ ಕೇಳುತ್ತಿದ್ದೇನೆ: ಮೊದಲು ಅಧ್ಯಯನ, ಆಮೇಲೆ ಬಣ್ಣ.

ಎದುರು ಮಾತುಗಳಲ್ಲಿ ನನ್ನನ್ನು ನಿಜವಾಗಿ ಕಾಡಿದ್ದು ಒಂದು, ಅದು ರೈತರ ಮಾತು. ವಸತಿಯ ಹಳದಿ ಬಿದ್ದ ಜಮೀನಿಗೂ ಕೃಷಿಯ ಹಸಿರು ಬಿದ್ದ ಜಮೀನಿಗೂ ಬೆಲೆಯಲ್ಲಿ ಅಜಗಜಾಂತರವಿರುತ್ತದೆ. ಅಧ್ಯಯನ ನಡೆದು ಒಬ್ಬನ ಹೊಲ ಕೆರೆಯ ಜಲಾನಯನವೆಂದು ಹಸಿರಾಗಿಯೇ ಉಳಿದು ಪಕ್ಕದವನದು ಹಳದಿಯಾದರೆ, ಊರಿನ ನೀರಿನ ಭಾರವನ್ನು ಆ ಒಬ್ಬನೇ ಏಕೆ ಹೊರಬೇಕು? ಮುಚ್ಚಿಡುವುದೇಕೆ, ನಮ್ಮ ಮನೆತನದ ಎರಡು ಎಕರೆಯೂ ಈ ಕರಡಿನಲ್ಲಿ ಹಳದಿಯಾಗಿದೆ, ನಾನು ಹೇಳುವಂತೆ ಅಧ್ಯಯನ ನಡೆದರೆ ಅದು ಹಸಿರಿಗೆ ಮರಳುವುದು ಬಹುತೇಕ ಖಚಿತ. ಈ ಪತ್ರ ಬರೆಯುತ್ತೇನೆಂದು ತಿಳಿದಾಗ ನನ್ನ ತಮ್ಮ ಎರಡು ದಿನ ಮಾತು ಬಿಟ್ಟಿದ್ದ. ಅವನ ಸಿಟ್ಟು ನ್ಯಾಯವಾದದ್ದೇ. ಆದರೆ ಅದಕ್ಕೆ ಪರಿಹಾರ ಅಧ್ಯಯನವನ್ನು ಬಿಟ್ಟುಬಿಡುವುದಲ್ಲ. ಊರಿನ ಹಿತಕ್ಕಾಗಿ ಕಟ್ಟಡ ಕಟ್ಟುವ ಹಕ್ಕನ್ನು ಬಿಟ್ಟುಕೊಟ್ಟವರಿಗೆ ಅಭಿವೃದ್ಧಿ ಹಕ್ಕಿನ ವರ್ಗಾವಣೆಯ (ಬಿಟ್ಟುಕೊಟ್ಟ ಹಕ್ಕನ್ನು ಬೇರೆ ಕಡೆ ಬಳಸಲು ಅಥವಾ ಮಾರಲು ಬಿಡುವ ವ್ಯವಸ್ಥೆ) ಮೂಲಕವೋ, ಹಳದಿ ವಲಯದಿಂದ ಸಂಗ್ರಹವಾಗುವ ಶುಲ್ಕದ ಒಂದು ಪಾಲಿನಿಂದಲೋ ಸರಿದೂಗಿಸುವ ದಾರಿಯನ್ನು ನೀವು ಸರ್ಕಾರದ ಮುಂದಿಡಬೇಕು. ಅದರ ಮಾತೇ ಎತ್ತದೆ ಹಸಿರು ಬಳಿದರೆ ಬದು ಒಡೆದು ಕಾಲುವೆ ಮುಚ್ಚುವವರು ಹುಟ್ಟಿಕೊಳ್ಳುತ್ತಾರೆ; ಇದನ್ನು ಸೇವೆಯಲ್ಲಿದ್ದಾಗ ಕಣ್ಣಾರೆ ಕಂಡಿದ್ದೇನೆ. ತಡವಾಗುತ್ತದೆ, ಖರ್ಚಾಗುತ್ತದೆ ಎಂಬ ಆಕ್ಷೇಪಣೆಗೆ ಹೆಚ್ಚು ಹೇಳುವುದಿಲ್ಲ. ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸುವ ಯೋಜನೆಗೆ ನಾಲ್ಕಾರು ತಿಂಗಳು ಹೆಚ್ಚು ಎನ್ನುವುದು ವಾದವಲ್ಲ.

ಆದುದರಿಂದ ನನ್ನ ಕೋರಿಕೆಗಳು ಇವು. ಕರಡು ಯೋಜನೆಯನ್ನು ತಾತ್ಕಾಲಿಕ ಅನುಮೋದನೆಗೆ ಸರ್ಕಾರಕ್ಕೆ ಕಳಿಸುವ ಮೊದಲೇ, ಪ್ರತಿ ಕೆರೆಯ ಜಲಾನಯನವನ್ನು ಒಂದು ಘಟಕವಾಗಿ ಹಿಡಿದು ಪರಿಸರ ಪರಿಣಾಮದ ಅಧ್ಯಯನ ನಡೆಸುತ್ತೇವೆಂದು ನಿಮ್ಮ ಪ್ರಾಧಿಕಾರ ಒಂದು ನಿರ್ಣಯ ಮಾಡಲಿ. ಅದಕ್ಕೆ ಸರ್ಕಾರದ ಹೊಸ ಕಾನೂನಿಗಾಗಿ ಕಾಯಬೇಕಿಲ್ಲ. ಊರು ಯಾವ ದಿಕ್ಕಿಗೆ ಬೆಳೆಯಬಹುದು ಎಂಬುದಕ್ಕೆ ಕನಿಷ್ಠ ಎರಡು ಬೇರೆ ಬೇರೆ ದಾರಿಗಳನ್ನು ಹೋಲಿಸಿ, ಒಂದನ್ನು ಆರಿಸಿದ ಕಾರಣವನ್ನು ಬರೆಯಿರಿ. ಆ ವರದಿ ಕನ್ನಡದಲ್ಲಿರಲಿ, ನಕ್ಷೆಗಳು ಸರ್ವೆ ನಂಬರುಗಳು ಕಾಣುವಷ್ಟು ದೊಡ್ಡ ಅಳತೆಯಲ್ಲಿರಲಿ, ಆಕ್ಷೇಪಣೆಗೆ ಕೊಡುವ 60 ದಿನಗಳಲ್ಲಿ ಅವು ಕಚೇರಿಯ ಗೋಡೆಯಲ್ಲಿ ಮಾತ್ರವಲ್ಲದೆ ಯೋಜನಾ ಪ್ರದೇಶದ ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ನೋಡಸಿಗಲಿ. ನಾನು ಕೊಟ್ಟ ಆಕ್ಷೇಪಣೆಗೆ ಬಂದದ್ದು ‘ಪರಿಶೀಲಿಸಲಾಗಿದೆ’ ಎಂಬ ಒಂದು ಪದದ ಹಿಂಬರಹ. ಒಪ್ಪಲಿ, ಬಿಡಲಿ, ಕಾರಣವನ್ನು ಒಂದು ಸಾಲಿನಲ್ಲಾದರೂ ಹೇಳಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಅದೇ 1961ರ ಅಧಿನಿಯಮದ 14-ಎ ಪ್ರಕರಣ. ಒಳ್ಳೆಯ ಯೋಜನೆಯೂ ಸೋರಿಹೋಗುವುದು ಈ ತೂತಿನಿಂದಲೇ. ಯೋಜನೆ ಸಿದ್ಧವಾದಾಗ ಇಲ್ಲದಿದ್ದ ಸಂದರ್ಭ ಒದಗಿದರೆ ಭೂ ಉಪಯೋಗವನ್ನು ಬದಲಿಸಬಹುದೆಂದು ಅದು ಅವಕಾಶ ಕೊಡುತ್ತದೆ. ಅರ್ಜಿಗಳು ಒಂದೊಂದಾಗಿ ಬರುತ್ತವೆ, ಒಂದೊಂದೂ ಮೂರೋ ನಾಲ್ಕೋ ಎಕರೆಯವು. ಪತ್ರಿಕೆಯ ಮೂಲೆಯಲ್ಲಿ ಪ್ರಕಟಣೆ ಬರುತ್ತದೆ, ಯಾರೂ ಓದುವುದಿಲ್ಲ, ಹಸಿರು ಹಳದಿಯಾಗುತ್ತದೆ. ಪ್ರತಿ ಜಲಾನಯನಕ್ಕೂ ಒಂದು ರಿಜಿಸ್ಟರ್ ತೆರೆದು, ಈವರೆಗೆ ಅಲ್ಲಿ ಒಟ್ಟು ಎಷ್ಟು ಎಕರೆ ಬದಲಾಗಿದೆ, ಇನ್ನೆಷ್ಟನ್ನು ಅದು ತಾಳಬಲ್ಲದು ಎಂಬುದನ್ನು ಬರೆಯುತ್ತ ಹೋಗಿ, ಆ ಪುಟವನ್ನು ಮುಂದಿಟ್ಟುಕೊಳ್ಳದೆ ಯಾವ 14-ಎ ಅರ್ಜಿಯನ್ನೂ ಸಭೆಯ ಮುಂದೆ ತರಬಾರದೆಂದು ನಿಯಮ ಮಾಡಿಕೊಳ್ಳಿ. ಆ ರಿಜಿಸ್ಟರನ್ನು ಯಾರು ಬೇಕಾದರೂ ಬಂದು ನೋಡುವಂತಿರಲಿ.

ನಮ್ಮ ಊರಿನ ಆ ಕಾಲುವೆಯಲ್ಲಿ ಹೋದ ಮಳೆಗಾಲದಲ್ಲಿಯೂ ನೀರು ಹರಿಯಿತು. ಅದರ ಎರಡೂ ದಂಡೆಗಳಲ್ಲಿ ಈಗ ನಿವೇಶನದ ಕಲ್ಲುಗಳು ನಿಂತಿವೆ. ಮನೆಗಳು ಇನ್ನೂ ಎದ್ದಿಲ್ಲ, ಯೋಜನೆಗೆ ಅಂತಿಮ ಅನುಮೋದನೆಯೂ ಸಿಕ್ಕಿಲ್ಲ. ಅಂದರೆ ತಿದ್ದಲು ಇನ್ನೂ ಸಮಯವಿದೆ. ಆ ಭಾಗದ ಏಳು ಗ್ರಾಮಗಳ ನಕ್ಷೆಗಳ ಪ್ರತಿಗಳು ನನ್ನ ಬಳಿ ಇವೆ. ಅವುಗಳಲ್ಲಿರುವ ಪ್ರತಿಯೊಂದು ಕಾಲುವೆ, ಕುಂಟೆಯನ್ನು ಕರಡು ನಕ್ಷೆಯೊಂದಿಗೆ ಹೋಲಿಸಿ ಬಿಟ್ಟುಹೋದ ಹತ್ತೊಂಬತ್ತು ಕಡೆಗಳನ್ನು ಗುರುತು ಮಾಡಿದ್ದೇನೆ. ಪ್ರಾಧಿಕಾರ ಕರೆದರೆ ಆ ಹತ್ತೊಂಬತ್ತು ಜಾಗಗಳಿಗೂ ಬಂದು, ಯಾವ ಸಂಭಾವನೆಯೂ ಇಲ್ಲದೆ, ಸ್ಥಳದಲ್ಲಿಯೇ ತೋರಿಸಿಕೊಡುತ್ತೇನೆ. ಕರೆಯುವ ದಿನವನ್ನು ಎರಡು ದಿನ ಮೊದಲೇ ತಿಳಿಸಿದರೆ ಸಾಕು.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸರ್ವೆಯರ್